ಮುಡಿ ಕೊಟ್ಟು ಬಂದ ಮಾರನೆಯ ದಿನದ ಚಿತ್ರ

ಸೋಮವಾರ ಬೆಳಿಗ್ಗೆ, ವಿಕಿರಣ ಕೊಡುವ ಮೊದಲು ರೋಗಿ ಸರಿಯಾದ ಜಾಗದಲ್ಲಿ ಮಲಗಿದ್ದಾರೆಯೇ ಎಂದು ನೋಡಲು ತೆಗೆದ ಚಿತ್ರ ಪರದೆಯ ಮೇಲೆ ಮೂಡಿತು. ಯಾಕೋ ಅದು ನನಗೆ ಸರಿಬರಲಿಲ್ಲ. ಒಳಗೆ ಮಲಗಿದ್ದವರು ಪಾಂಡವಪುರದ ಕಡೆಯ ಗೌಡರು, ಆಲೆಮನೆಯ ಕೊಪ್ಪರಿಗೆಯ ಮುಂದೆ ಆಯುಸ್ಸು ಕಳೆದವರು. ನಾಲಿಗೆಯ ಬುಡದ ಕ್ಯಾನ್ಸರ್. ದಿನಕ್ಕೆ 2 ಗ್ರೇಯಂತೆ 35 ದಿನ, ಒಟ್ಟು 70 ಗ್ರೇ ವಿಕಿರಣ (ಗ್ರೇ ಎಂದರೆ ಮೈ ಹೀರುವ ವಿಕಿರಣದ ಅಳತೆ). ಅಂದು ಹನ್ನೊಂದನೆಯ ದಿನ. ಹಿಂದಿನ ಎರಡು ವಾರ ಅವರ ಕತ್ತು ನೆಟ್ಟ ಕಲ್ಲುಕಂಬದ ಹಾಗೆ ಇದ್ದಲ್ಲಿಯೇ ಇತ್ತು. ಒಂದು ಮಿಲಿಮೀಟರ್, ಹೆಚ್ಚೆಂದರೆ ಒಂದೂವರೆ, ಅಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು. ಅಂದು ಪಕ್ಕದಿಂದ ತೆಗೆದ ಚಿತ್ರದಲ್ಲಿ ಕತ್ತಿನ ಎರಡನೆಯ ಮೂಳೆಯನ್ನು ಮೊದಲೇ ಸಿದ್ಧವಿದ್ದ ಮೂಲಚಿತ್ರಕ್ಕೆ ಕೂಡಿಸಿದರೆ ಆರನೆಯದು ಗೆರೆಯ ಆಚೆ. ಆರನೆಯದನ್ನು ಕೂಡಿಸಿದರೆ ಎರಡನೆಯದು ಆಚೆ. ತಂತ್ರಾಂಶ ಅದಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ತನ್ನ ಲೆಕ್ಕ ಹೇಳಿ ಕುಳಿತಿತ್ತು: ಟೇಬಲ್ ಮೇಲಕ್ಕೆ 4 ಮಿಲಿಮೀಟರ್, ತಲೆಯ ಕಡೆಗೆ 3.

“ಸರ್, ಶಿಫ್ಟ್ ಹಾಕಲೇ?” ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗ ಕೇಳಿದ. ಟೇಬಲನ್ನು ಅಷ್ಟು ಸರಿಸಲೇ ಎಂದು ಅರ್ಥ. ಅವನ ಬೆರಳು ಆಗಲೇ ಗುಂಡಿಯ ಮೇಲಿತ್ತು.

“ಇರು” ಎಂದು ಹೇಳಿ ಒಳಗೆ ಹೋದೆ. ಗೌಡರ ಮುಖದ ಮೇಲೆ ಜಾಲರಿಯ ಮಾಸ್ಕ್ ಎಂದಿನಂತೆಯೇ ಬಿಗಿದಿತ್ತು. ಆದರೆ ಹಣೆಯ ಹತ್ತಿರ ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಬೆರಳಿಗೆ ತಾಗಿದ್ದು ಕೂದಲಲ್ಲ, ನುಣ್ಣನೆಯ ಬುರುಡೆ. ಮಾಸ್ಕ್ ಬಿಚ್ಚಿದೆ. ತಲೆ ಬೋಳಾಗಿ, ಮೇಲೆ ಗಂಧ ಬಳಿದ ಗುರುತು ಇನ್ನೂ ಇತ್ತು.

“ಏನು ಗೌಡರೇ ಇದು?”

“ಮನೆಯವಳ ಹರಕೆ ಸ್ವಾಮಿ. ನಿನ್ನೆ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು, ಹೊಳೆಯಲ್ಲಿ ಮುಳುಗಿ ಬಂದೆ. ಏನಾದರೂ ತಪ್ಪಾಯಿತೇ?”

ತಪ್ಪೇನಿಲ್ಲ ಎಂದೆ. ನಂಜುಂಡೇಶ್ವರನಿಗೆ ಕೊಟ್ಟದ್ದನ್ನು ನಮಗೂ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು, ಅಷ್ಟೆ. ಮಾಸ್ಕ್ ಹಾಕಿದ ಹುಡುಗ ಬೋಳುತಲೆಯನ್ನು ನೋಡಿದ್ದ. ನೋಡಿ, ‘ದೇವರಿಗೆ ಹೋಗಿದ್ದಿರಾ’ ಎಂದು ಕುಶಲವನ್ನೂ ಕೇಳಿದ್ದ. ಆದರೆ ಅದನ್ನು ಪರದೆಯ ಮೇಲಿನ 4 ಮಿಲಿಮೀಟರಿಗೆ ಜೋಡಿಸಿ ನೋಡಿರಲಿಲ್ಲ.

ಇಷ್ಟು ವರ್ಷ ವಿಕಿರಣ ಚಿಕಿತ್ಸೆಯ ತಂತ್ರಜ್ಞನಾಗಿ ಮೈಸೂರಿನಲ್ಲಿ ಕೆಲಸ ಮಾಡಿದ ಮೇಲೆ ಹೊಸಬರಿಗೆ ನಾನು ಹೇಳುವುದು ಹೆಚ್ಚಾಗಿ ಇದೊಂದನ್ನೇ. ಚಿತ್ರ ‘ಎಷ್ಟು ಸರಿದಿದೆ’ ಎಂದು ಹೇಳುತ್ತದೆ. ‘ಯಾಕೆ ಸರಿಯಿತು’ ಎನ್ನುವುದು ಒಳಗೆ ಮಲಗಿರುವ ಮನುಷ್ಯನ ಹತ್ತಿರ ಇರುತ್ತದೆ. ಗೌಡರ ಲೆಕ್ಕವನ್ನೇ ನೋಡಿ. ಮಾಸ್ಕ್ ಮಾಡಿದ ದಿನ ಅವರ ತಲೆಯ ಹಿಂದೆ ದಟ್ಟ ಕೂದಲಿತ್ತು. ಅದು ಹೋದ ಕೂಡಲೇ ತಲೆ ದಿಂಬಿನ ಗುಳಿಗೆ ಇನ್ನಷ್ಟು ಇಳಿಯಿತು, ಗಲ್ಲ ಮೇಲಕ್ಕೆದ್ದಿತು. ಅಂದರೆ ತಲೆ ಸರಿದದ್ದಷ್ಟೇ ಅಲ್ಲ, ವಾಲಿದೆ. ನಮ್ಮ ಟೇಬಲ್ ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೋಗುತ್ತದೆ, ನಿಂತಲ್ಲೇ ತಿರುಗುತ್ತದೆ. ಗಲ್ಲ ಎತ್ತಿದ ತಲೆಯನ್ನು ಬಗ್ಗಿಸಲು ಅದಕ್ಕೆ ಬರುವುದಿಲ್ಲ. ಆರು ದಿಕ್ಕಿಗೂ ಹೊರಳುವ ಟೇಬಲುಗಳು ಬಂದಿವೆ, ನಮ್ಮಲ್ಲಿರುವುದು ಅದಲ್ಲ. ಹೀಗಿರುವಾಗ ಶಿಫ್ಟ್ ಹಾಕಿದ್ದರೆ ಗಡ್ಡೆಯ ಹತ್ತಿರ ಒಂದಿಷ್ಟು ಸರಿಹೋಗಿ, ಕೆಳಗಿನ ಕತ್ತಿನಲ್ಲಿ ಬೆನ್ನುಹುರಿ ಹೆಚ್ಚಿನ ವಿಕಿರಣದ ಅಂಚಿಗೆ ಸರಿಯುತ್ತಿತ್ತು. ಪರದೆಯಲ್ಲಿ ಮಾತ್ರ ಹಸಿರು ಬಣ್ಣ ಬರುತ್ತಿತ್ತು.

ಅಂದು ಗೌಡರಿಗೆ ವಿಕಿರಣ ಕೊಡಲಿಲ್ಲ. ಡಾಕ್ಟರಿಗೂ, ವಿಕಿರಣದ ಲೆಕ್ಕ ಹಾಕುವ ಫಿಸಿಸಿಸ್ಟ್ ಮೇಡಂಗೂ ಚಿತ್ರ ತೋರಿಸಿದೆ. ಮಾಸ್ಕಿನ ಹೊಸ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಮೆತ್ತಗೆ ಮಾಡಿ, ಬಟ್ಟೆಯಿಂದ ನೀರು ಒತ್ತಿ ತೆಗೆದು, ಬೋಳುತಲೆಯ ಮುಖಕ್ಕೆ ಮತ್ತೆ ಅಚ್ಚು ಹಾಕಿದೆವು. ಈ ಹಾಳೆ ಆರುವಾಗ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಅವಸರ ಮಾಡಿ ಬೇಗ ಬಿಚ್ಚಿದರೆ ನಾಳೆ ಬಿಗಿಯಾಗುತ್ತದೆ, ರೋಗಿ ಉಸಿರು ಕಟ್ಟುತ್ತದೆ ಎನ್ನುತ್ತಾರೆ. ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ ಹಾಗೆಯೇ ಬಿಟ್ಟೆವು. ಮಧ್ಯಾಹ್ನವೇ ಸಿ.ಟಿ. ಮತ್ತೆ ಆಯಿತು. ಮೇಡಂ ರಾತ್ರಿ ಎಂಟರವರೆಗೆ ಕುಳಿತು ಲೆಕ್ಕ ಮುಗಿಸಿದರು. ಮಂಗಳವಾರ ಸಂಜೆ ಚಿಕಿತ್ಸೆ ಮುಂದುವರಿಯಿತು. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆಯ ಒಟ್ಟು ಅವಧಿ ಉದ್ದವಾದಷ್ಟೂ ನಷ್ಟ. ತಪ್ಪಿದ ಆ ಒಂದು ದಿನವನ್ನು ಶನಿವಾರ ಕರೆಸಿ ತುಂಬಿಸಿದೆವು.

ಈಗ ಈ ಚಿತ್ರದ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಚಿಕಿತ್ಸೆಗೆ ಮೊದಲು ರೋಗಿಯನ್ನು ಸಿ.ಟಿ.ಯಲ್ಲಿ ಮಲಗಿಸಿ, ಮೈಮೇಲೆ ಅಥವಾ ಮಾಸ್ಕಿನ ಮೇಲೆ ಮೂರು ಕಡೆ ಗುರುತು ಹಾಕುತ್ತೇವೆ. ಪ್ರತಿದಿನ ಅದೇ ಭಂಗಿಯಲ್ಲಿ ಮಲಗಿಸಿ, ಗೋಡೆಯಿಂದಲೂ ಚಾವಣಿಯಿಂದಲೂ ಬರುವ ಲೇಸರ್ ಗೆರೆಗಳು ಆ ಗುರುತಿನ ಮೇಲೆ ಬೀಳುವಂತೆ ಮಾಡುತ್ತೇವೆ. ಆದರೆ ಗುರುತಿರುವುದು ಚರ್ಮದ ಮೇಲೆ, ಗಡ್ಡೆ ಇರುವುದು ಒಳಗೆ. ಚರ್ಮ ಎಂಬುದು ಮೂಳೆಗೆ ಹೊದಿಸಿದ ಸಡಿಲ ಅಂಗಿ. ಅದಕ್ಕೇ ಯಂತ್ರದಲ್ಲೇ ಚಿತ್ರ ತೆಗೆದು, ಸಿ.ಟಿ.ಯಿಂದ ಕಂಪ್ಯೂಟರ್ ಕಟ್ಟಿಕೊಟ್ಟ ಮೂಲಚಿತ್ರದ ಜೊತೆ ಮೂಳೆಗೆ ಮೂಳೆ ಇಟ್ಟು ಹೋಲಿಸುತ್ತೇವೆ. ಎದುರಿನಿಂದ ಒಂದು, ಪಕ್ಕದಿಂದ ಒಂದು. ಎರಡರಿಂದ ಮೂರೂ ದಿಕ್ಕಿನ ವ್ಯತ್ಯಾಸ ಸಿಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಕೋಬಾಲ್ಟ್ ಯಂತ್ರವಿತ್ತು. ಕೋಬಾಲ್ಟ್-60ರ ಶಕ್ತಿ 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಮೂಲ ಹಳತಾದಂತೆ ಒಬ್ಬೊಬ್ಬರನ್ನು ಮಲಗಿಸುವ ಹೊತ್ತೂ ಉದ್ದವಾಗುತ್ತ ಹೋಗುತ್ತಿತ್ತು. ಆಗ ಚಿತ್ರವೆಂದರೆ ಫಿಲ್ಮ್. ಟೇಬಲಿನ ಕೆಳಗೆ ಕ್ಯಾಸೆಟ್ ತೂರಿಸಿ, ಮೊದಲು ಚಿಕಿತ್ಸೆಯ ಕಿಂಡಿಯಷ್ಟೇ ತೆರೆದು ಒಮ್ಮೆ, ಆಮೇಲೆ ಕಿಂಡಿ ದೊಡ್ಡದು ಮಾಡಿ ಇನ್ನೊಮ್ಮೆ ಕಿರಣ ಬಿಟ್ಟು, ಕತ್ತಲಕೋಣೆಗೆ ಓಡುತ್ತಿದ್ದೆವು. ಡೆವಲಪರ್ ವಾಸನೆ ಮನೆಗೆ ಹೋದ ಮೇಲೂ ಕೈಬಿಡುತ್ತಿರಲಿಲ್ಲ. ಊಟದ ತಟ್ಟೆಯಲ್ಲೂ ಅದೇ ಘಾಟು. ಒದ್ದೆ ಫಿಲ್ಮ್ ಒಣಗಿ, ಡಾಕ್ಟರ್ ಬಿಡುವಾಗಿ, ದೀಪದ ಪೆಟ್ಟಿಗೆಯ ಮೇಲೆ ಇಟ್ಟು ಮೇಣದ ಪೆನ್ಸಿಲಿನಿಂದ ಗೆರೆ ಎಳೆದು ‘ಅರ್ಧ ಸೆಂಟಿಮೀಟರ್ ಕೆಳಗೆ’ ಎಂದು ಹೇಳುವ ಹೊತ್ತಿಗೆ ರೋಗಿ ಮಂಡ್ಯದ ಬಸ್ಸು ಹತ್ತಿ ಮನೆ ಸೇರಿರುತ್ತಿದ್ದರು. ಕೆಲವೊಮ್ಮೆ ವಾರವೇ ಕಳೆದಿರುತ್ತಿತ್ತು. ತಪ್ಪು ಗೊತ್ತಾಗುವಾಗ ಐದು ದಿನದ ವಿಕಿರಣ ಒಳಗೆ ಹೋಗಿ ಆಗಿದೆ.

ವಿದ್ಯುತ್ತಿನಿಂದಲೇ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಲರೇಟರ್ ಯಂತ್ರ ಬಂದು, ಅದರ ಕೆಳಗಿನ ತೋಳಿನಲ್ಲಿ ಡಿಜಿಟಲ್ ಫಲಕ ಬಂದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಹಂಚಿನ ರೊಟ್ಟಿಯಷ್ಟು ದಪ್ಪ ಎನ್ನಲಾರೆ, ಅದಕ್ಕಿಂತ ದಪ್ಪವೇ. ಉದ್ದಗಲ ಸುಮಾರು 40 ಸೆಂಟಿಮೀಟರ್. ಒಳಗೆ ಸಿಲಿಕಾನ್ ಪದರ. ಗುಂಡಿ ಒತ್ತಿದರೆ ತೋಳು ಚಾಚಿಕೊಂಡು ಬರುತ್ತದೆ. ಕಿರಣ ರೋಗಿಯ ಮೈ ಹಾದು ಫಲಕಕ್ಕೆ ಬೀಳುತ್ತದೆ, ಕೆಲವೇ ಕ್ಷಣದಲ್ಲಿ ಪರದೆಯ ಮೇಲೆ ಚಿತ್ರ. ರೋಗಿ ಇನ್ನೂ ಟೇಬಲಿನ ಮೇಲೆಯೇ ಇದ್ದಾರೆ! ಇದಕ್ಕಿಂತ ದೊಡ್ಡ ಬದಲಾವಣೆಯನ್ನು ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಆದರೆ ಮೊದಲ ಚಿತ್ರ ನೋಡಿದಾಗ ಉತ್ಸಾಹ ಇಳಿಯಿತು. ಮಂಜಿನಲ್ಲಿ ಚಾಮುಂಡಿ ಬೆಟ್ಟ ನೋಡಿದ ಹಾಗೆ. ಏನೋ ಇದೆ, ಏನೆಂದು ಗೊತ್ತಿಲ್ಲ. ಕಾರಣ ಯಂತ್ರದ ದೋಷವಲ್ಲ. ಸಾಮಾನ್ಯ ಎಕ್ಸ್-ರೇಯ ಕಡಿಮೆ ಶಕ್ತಿಯ ಕಿರಣಗಳನ್ನು ಮೂಳೆಯ ಸುಣ್ಣದ ಅಂಶ ಮಾಂಸಕ್ಕಿಂತ ಬಹಳ ಹೆಚ್ಚಾಗಿ ಹೀರುತ್ತದೆ, ಅದಕ್ಕೇ ಮೂಳೆ ಬೆಳ್ಳಗೆ ಎದ್ದು ಕಾಣುತ್ತದೆ. ಚಿಕಿತ್ಸೆಯ 6 ಮೆಗಾವೋಲ್ಟ್ ಕಿರಣಕ್ಕೆ ಆ ಭೇದವಿಲ್ಲ. ಅದು ಸಾಂದ್ರತೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಳಿ ಚೆನ್ನಾಗಿ ಕಾಣುತ್ತದೆ, ಮೂಳೆ ಸುಮಾರಾಗಿ. ಹಾಗಾಗಿ ಕತ್ತಿನಲ್ಲಿ ನಾನು ಮೊದಲು ಶ್ವಾಸನಾಳದ ಕಪ್ಪು ಕೊಳವೆಯನ್ನು ಹಿಡಿಯುತ್ತಿದ್ದೆ, ಅದರ ಹಿಂದೆ ಬೆನ್ನೆಲುಬನ್ನು ಹುಡುಕುತ್ತಿದ್ದೆ. ಎದೆಯಲ್ಲಿ ಆ ಕೊಳವೆ ಎರಡಾಗಿ ಕವಲೊಡೆಯುವ ಜಾಗ. ಸೊಂಟದ ಭಾಗದಲ್ಲಿ ಕಟಿಯ ಒಳಗಿನ ಅಂಚು ಮತ್ತು ಮುಂದೆ ಎರಡು ಮೂಳೆ ಸೇರುವ ಸಂದು. ತೊಡೆಮೂಳೆಯನ್ನು ನಂಬಿ ಕೂಡಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಪಾದ ಸ್ವಲ್ಪ ಹೊರಗೆ ತಿರುಗಿದರೂ ಅದು ಆಕಾರ ಬದಲಿಸುತ್ತದೆ. ದವಡೆಯೂ ಹಾಗೆಯೇ, ರೋಗಿ ಎಂಜಲು ನುಂಗಿದರೆ ಸಾಕು. ತಂತ್ರಾಂಶ ತಾನಾಗಿ ಕೂಡಿಸುವಾಗ ಯಾವ ಭಾಗ ನೋಡಬೇಕೆಂದು ಒಂದು ಚೌಕ ಎಳೆಯಬೇಕು. ಆ ಚೌಕದೊಳಗೆ ದವಡೆ, ಭುಜ ಸೇರಿಸಿಕೊಂಡಿರೋ, ಲೆಕ್ಕ ಅವು ಎಳೆದ ಕಡೆಗೆ ವಾಲುತ್ತದೆ.

ಆಮೇಲೆ ಬಂದ ಯಂತ್ರದಲ್ಲಿ ಪಕ್ಕಕ್ಕೆ ಇನ್ನೊಂದು ಜೊತೆ ತೋಳುಗಳಿವೆ. ಒಂದರಲ್ಲಿ ಸಾಮಾನ್ಯ ಎಕ್ಸ್-ರೇ ಕೊಳವೆ, ಎದುರಿನದರಲ್ಲಿ ಫಲಕ. ಚಿತ್ರ ಸ್ಪಷ್ಟ. ಯಂತ್ರ ರೋಗಿಯ ಸುತ್ತ ಸುಮಾರು ಒಂದು ನಿಮಿಷ ಸುತ್ತಿದರೆ ಕೋನ್ ಬೀಮ್ ಸಿ.ಟಿ. ಎಂಬ ಮೂರು ಆಯಾಮದ ಚಿತ್ರವೂ ಸಿಗುತ್ತದೆ, ಮೂಳೆಯ ಜೊತೆ ಮೆತ್ತನೆಯ ಅಂಗಗಳೂ ಕಾಣುತ್ತವೆ. ಮಂಜು ಹರಿಯಿತು. ಆದರೆ ಸ್ಪಷ್ಟವಾಗಿ ಕಂಡ ಮಾತ್ರಕ್ಕೆ ಕಂಡದ್ದೆಲ್ಲ ಸರಿ ಎಂದುಕೊಳ್ಳುವ ಸೋಮಾರಿತನವೂ ಅದರ ಜೊತೆಗೇ ಬಂದಿತು. ನನಗೂ ಬಂದಿತ್ತು.

ಮದ್ದೂರಿನ ಕಡೆಯ ಅಜ್ಜಿಯೊಬ್ಬರ ವಿಷಯ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ, ಎದೆಭಾಗದ ಒಂಬತ್ತನೆಯ ಕಶೇರು (ಬೆನ್ನುಮೂಳೆಯ ಒಂದು ಗಂಟು) ಕುಸಿಯುತ್ತಿತ್ತು. ನೋವು ತಡೆಯಲು ಒಂದೇ ಬಾರಿಗೆ 8 ಗ್ರೇ. ನಾಳೆ ತಿದ್ದಿಕೊಳ್ಳೋಣ ಎನ್ನುವ ಅವಕಾಶವೇ ಇಲ್ಲದ ಚಿಕಿತ್ಸೆ. ಅಜ್ಜಿಯ ಬೆನ್ನು ಬಿಲ್ಲಿನಂತೆ ಬಾಗಿತ್ತು. ನೋವಿನಿಂದ ನೆಟ್ಟಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನಿನ ಸಡಿಲ ಚರ್ಮದ ಮೇಲಿನ ಗುರುತು ಒಂದು ಕಡೆ ಎಳೆದುಕೊಂಡಿತ್ತು. ಹೇಗೋ ಮಲಗಿಸಿ ಚಿತ್ರ ತೆಗೆದೆವು. ತಂತ್ರಾಂಶ ಕಶೇರುಗಳನ್ನು ಒಂದರ ಮೇಲೊಂದು ಚೆನ್ನಾಗಿಯೇ ಕೂಡಿಸಿತು. ಅಂಚಿಗೆ ಅಂಚು, ಬಹಳ ಅಂದವಾಗಿ. ಶಿಫ್ಟ್ ಉದ್ದಕ್ಕೆ 1.3 ಸೆಂಟಿಮೀಟರ್, ಕಿರಣದ ಗುರಿ ಮೈಮೇಲೆ ತಲೆಯ ಕಡೆಗೆ ಹೋಗುವಂತೆ. ಅಜ್ಜಿ ನರಳುತ್ತಿದ್ದರು, ಬೇಗ ಮುಗಿಸೋಣವೆಂದು ನಾನೇ ಒಪ್ಪಿಗೆ ಕೊಟ್ಟೆ. ಟೇಬಲ್ ಸರಿಯಿತು.

ಕಿರಣ ಬಿಡುವ ಕೀಲಿ ತಿರುಗಿಸುವ ಮೊದಲು ಒಮ್ಮೆ ಕ್ಯಾಮೆರಾ ನೋಡುವುದು ನನ್ನ ಅಭ್ಯಾಸ. ನೋಡಿದೆ. ಏನೋ ಚುಚ್ಚಿತು. ಒಂದೂಕಾಲು ಸೆಂಟಿಮೀಟರ್ ಎಂದರೆ ಏನು? ಒಂದು ಕಶೇರಿನಿಂದ ಇನ್ನೊಂದಕ್ಕೆ ಇರುವುದೇ ಸುಮಾರು ಎರಡೂವರೆ. ಅಂದರೆ ನಾವು ಸರಿಯಾಗಿ ಮಧ್ಯದಲ್ಲಿ ನಿಂತಿದ್ದೇವೆ. ಮೇಲಕ್ಕೆ ಸರಿದರೂ ಒಂದು ಕಶೇರು ಕೂಡುತ್ತದೆ, ಕೆಳಕ್ಕೆ ಸರಿದರೂ ಒಂದು ಕೂಡುತ್ತದೆ! ಸರದ ಮಣಿಗಳ ಹಾಗೆ ಎಲ್ಲವೂ ಒಂದೇ ಆಕಾರ. ಎಲ್ಲವನ್ನೂ ನಿಲ್ಲಿಸಿ, ಕಿಂಡಿಯನ್ನು ಪೂರ್ತಿ ತೆರೆದು ದೊಡ್ಡ ಚಿತ್ರ ತೆಗೆದೆವು. ಕೊನೆಯ ಪಕ್ಕೆಲುಬು ಹನ್ನೆರಡನೆಯ ಕಶೇರಿಗೆ ಅಂಟಿರುತ್ತದೆ. ಅಲ್ಲಿಂದ ಮೇಲಕ್ಕೆ ಎಣಿಸಿದೆ. ನಾನು ಎಣಿಸಿದ್ದು ಸಾಲದೆ ಮೇಡಂ ಬಂದು ಬೇರೆಯಾಗಿ ಎಣಿಸಿದರು. ನಾವು ಕೂಡಿಸಿಟ್ಟದ್ದು ಎಂಟನೆಯದನ್ನು. ತಂತ್ರಾಂಶ ತಪ್ಪು ದಿಕ್ಕಿಗೆ ಹೋಗಿತ್ತು. ಹೋಗಬೇಕಾದದ್ದು ಕಾಲಿನ ಕಡೆಗೆ. ಒಳಗೆ ಹೋಗಿ ನೋಡಿದರೆ ಸಿ.ಟಿ. ದಿನ ಮಂಡಿಯ ಕೆಳಗೆ ಇಟ್ಟಿದ್ದ ದಿಂಬು ಅಂದು ಪಕ್ಕದ ಕುರ್ಚಿಯ ಮೇಲಿತ್ತು. ದಿಂಬಿಟ್ಟು ಮಲಗಿಸಿದೆವು, ಅಜ್ಜಿ ಒಂದು ನಿಟ್ಟುಸಿರು ಬಿಟ್ಟು ತಾವೇ ಜಾಗಕ್ಕೆ ಬಂದರು. ಮತ್ತೆ ಚಿತ್ರ ತೆಗೆದಾಗ ವ್ಯತ್ಯಾಸ 2 ಮಿಲಿಮೀಟರ್.

ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ನಡೆದದ್ದನ್ನು ಬರೆದು ಮೇಲಿನವರಿಗೆ ಕೊಟ್ಟೆ. ಒಂದು ಸೆಂಟಿಮೀಟರ್ ದಾಟಿದ ಯಾವ ಶಿಫ್ಟನ್ನೂ ಒಬ್ಬರೇ ಒಪ್ಪುವಂತಿಲ್ಲ, ಬೆನ್ನುಮೂಳೆಯಾದರೆ ಇಬ್ಬರು ಬೇರೆಬೇರೆಯಾಗಿ ಎಣಿಸಬೇಕು ಎಂದು ನಮ್ಮ ವಿಭಾಗದಲ್ಲಿ ಅಂದಿನಿಂದ ನಿಯಮವಾಯಿತು. ಕೆಲವರಿಗೆ ಇದು ಕಿರಿಕಿರಿ. ಇರಲಿ.

ಸಣ್ಣ ವ್ಯತ್ಯಾಸಗಳ ಕಥೆಯೇ ಬೇರೆ. ನಮ್ಮಲ್ಲಿ ಕತ್ತಿಗೆ 3 ಮಿಲಿಮೀಟರ್, ಸೊಂಟದ ಭಾಗಕ್ಕೆ 5 ಎಂದು ಗಡಿ ಇಟ್ಟುಕೊಂಡಿದ್ದೇವೆ. ಪ್ರತಿದಿನ ಚಿತ್ರ ತೆಗೆಯಲು ಆಗದವರಿಗೆ ಮೊದಲ ಮೂರು ದಿನ ತೆಗೆದು ಸರಾಸರಿ ನೋಡುತ್ತೇವೆ, ಆಮೇಲೆ ವಾರಕ್ಕೊಮ್ಮೆ. ಮೂರು ದಿನವೇ ಏಕೆ ಎಂದು ಹುಡುಗರು ಕೇಳುತ್ತಾರೆ. ಕಬ್ಬಿನ ಗಾಡಿ ತೂಗುವುದನ್ನು ಕಂಡ ಮಂಡ್ಯದ ಹುಡುಗರಿಗೆ ಇದನ್ನು ವಿವರಿಸುವುದು ಸುಲಭ. ತೂಕದ ಯಂತ್ರವೇ ಪ್ರತಿ ಗಾಡಿಗೂ ಒಂದೇ ಸಮ ಕಡಿಮೆ ತೋರಿಸಿದರೆ ಅದು ಒಂದು ಬಗೆಯ ತಪ್ಪು. ಗಾಡಿ ಇವತ್ತು ಹಿಂದೆ, ನಾಳೆ ಮುಂದೆ ನಿಂತು ತೂಕ ಹೆಚ್ಚುಕಡಿಮೆಯಾದರೆ ಇನ್ನೊಂದು ಬಗೆ. ಎರಡನೆಯದು ಹಂಗಾಮು ಮುಗಿಯುವಾಗ ಹೇಗೋ ಸರಿದೂಗುತ್ತದೆ, ಮೊದಲನೆಯದು ರೈತನನ್ನು ಮುಳುಗಿಸುತ್ತದೆ. ಇಲ್ಲಿಯೂ ಅಷ್ಟೆ. ದಿನದಿನದ ಅಲುಗಾಟ ವಿಕಿರಣದ ಅಂಚನ್ನು ಸ್ವಲ್ಪ ಮಸುಕು ಮಾಡುತ್ತದೆ. ದಿನವೂ ಒಂದೇ ಕಡೆಗೆ ತಪ್ಪಿದರೆ ಗಡ್ಡೆಯ ಒಂದು ಅಂಚು ಕೊನೆಯವರೆಗೂ ವಿಕಿರಣವನ್ನೇ ಕಾಣುವುದಿಲ್ಲ. ಗಡ್ಡೆಯ ಸುತ್ತ ಎಷ್ಟು ಅಂಚು ಬಿಡಬೇಕೆಂಬುದಕ್ಕೆ ಫಿಸಿಸಿಸ್ಟುಗಳು ಹೆಚ್ಚಾಗಿ ಬಳಸುವ ಸೂತ್ರದಲ್ಲಿ ಮೊದಲ ಬಗೆಯ ತಪ್ಪನ್ನು 2.5ರಿಂದ ಗುಣಿಸುತ್ತಾರೆ, ಎರಡನೆಯದನ್ನು ಬರೀ 0.7ರಿಂದ. ಮೂರು ದಿನದ ಸರಾಸರಿ ಆ ಮೊದಲನೆಯದನ್ನು ಹಿಡಿಯುವ ಬಲೆ.

ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರಲ್ಲಿ ಮೂಳೆ ಕೂಡಿದರೂ ಕೆಲಸ ಮುಗಿಯುವುದಿಲ್ಲ. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ವಿಕಿರಣದಿಂದ ದೂರ ಇರುತ್ತದೆ. ಖಾಲಿಯಾಗಿದ್ದರೆ ಕರುಳು ಕೆಳಗಿಳಿದು ನೇರ ಕಿರಣದ ದಾರಿಗೆ ಬರುತ್ತದೆ, ಗರ್ಭಕೋಶವೂ ಬಾಗುತ್ತದೆ. ಅದಕ್ಕೆ ಮೂತ್ರ ಮಾಡಿ ಬಂದು, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕಾದು ಒಳಗೆ ಬರಬೇಕು ಎಂಬುದು ನಮ್ಮ ಪದ್ಧತಿ. ಮಳವಳ್ಳಿಯಿಂದ ಬರುತ್ತಿದ್ದ ಒಬ್ಬ ತಾಯಿಯ ಕೋನ್ ಬೀಮ್ ಚಿತ್ರದಲ್ಲಿ ದಿನವೂ ಮೂತ್ರಕೋಶ ನಿಂಬೆಹಣ್ಣಿನಷ್ಟು. ನೀರು ಕುಡಿದಿರಾ ಎಂದರೆ ಕುಡಿದೆ ಎನ್ನುತ್ತಾರೆ. ಬಾಟಲಿ ಖಾಲಿಯಾಗಿರುವುದನ್ನೂ ತೋರಿಸುತ್ತಾರೆ. ಹುಡುಗರು ‘ಸುಳ್ಳು ಹೇಳುತ್ತಾರೆ ಸರ್’ ಎಂದು ತೀರ್ಮಾನಿಸಿಬಿಟ್ಟಿದ್ದರು.

ನಮ್ಮ ನರ್ಸ್ ಅಕ್ಕ ಅವರ ಪಕ್ಕ ಕುಳಿತು ಮಾತಾಡಿಸಿದ ಮೇಲೆ ವಿಷಯ ತಿಳಿಯಿತು. ಬೆಳಗಿನ ಐದೂವರೆಯ ಬಸ್ಸು. ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದೀತೆಂದು ಹಿಂದಿನ ರಾತ್ರಿಯಿಂದಲೇ ಆಕೆ ನೀರು ಮುಟ್ಟುತ್ತಿರಲಿಲ್ಲ. ಒಣಗಿದ ಮೈಗೆ ಅರ್ಧ ಲೀಟರ್ ಹಾಕಿದರೆ ಮೊದಲು ಮೈ ಕುಡಿಯುತ್ತದೆ, ಮೂತ್ರಕೋಶಕ್ಕೆ ಇಳಿಯುವುದು ಆಮೇಲೆ. ಆಕೆಯ ಸಮಯವನ್ನು ಹನ್ನೊಂದಕ್ಕೆ ಬದಲಿಸಿ, ಬಂದ ಕೂಡಲೇ ಎರಡು ಲೋಟ ಮಜ್ಜಿಗೆ, ಒಂದು ಗಂಟೆ ಬಿಟ್ಟು ಲೆಕ್ಕದ ಅರ್ಧ ಲೀಟರ್ ನೀರು ಎಂದು ಮಾಡಿದೆವು. ನಾಲ್ಕನೆಯ ದಿನದ ಹೊತ್ತಿಗೆ ಮೂತ್ರಕೋಶ ಸಿ.ಟಿ. ದಿನದ ಗೆರೆಯವರೆಗೆ ತುಂಬಿ ಬಂತು. ಪರದೆಯ ಮುಂದೆ ಕುಳಿತು ಎಷ್ಟು ಶಿಫ್ಟ್ ಹಾಕಿದ್ದರೂ ಇದು ಬರುತ್ತಿರಲಿಲ್ಲ.

ಅವರೆಕಾಯಿ ಕಾಲದಲ್ಲಿ ಇನ್ನೊಂದು ತಾಪತ್ರಯ. ಡಿಸೆಂಬರ್, ಜನವರಿಯಲ್ಲಿ ಹಿದಕಿದ ಬೇಳೆ ಸಾರು ಉಂಡು ಬಂದವರ ಗುದನಾಳದಲ್ಲಿ ಗಾಳಿ ಕಪ್ಪು ಬಲೂನಿನಂತೆ ಉಬ್ಬಿ ನಿಂತಿರುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿ ಅದರ ಮುಂದೆಯೇ ಇರುವುದರಿಂದ ಗಾಳಿ ತಳ್ಳಿದತ್ತ ಅದೂ ಸರಿಯುತ್ತದೆ. ಎಬ್ಬಿಸಿ, ಓಡಾಡಿಸಿ, ಶೌಚಕ್ಕೆ ಹೋಗಿ ಬರಲು ಹೇಳುತ್ತೇವೆ. ನಿವೃತ್ತ ಮೇಷ್ಟ್ರೊಬ್ಬರಿಗೆ ಚಿತ್ರ ತೋರಿಸಿ ವಿವರಿಸಿದಾಗ, “ಎರಡು ತಿಂಗಳು ಅವರೆಕಾಳು ಬಿಡಬೇಕೇ? ಕ್ಯಾನ್ಸರಿಗಿಂತ ಇದೇ ಕಷ್ಟ” ಎಂದರು. ಬಿಟ್ಟರು ಎಂದು ನಾನು ನಂಬಿಲ್ಲ. ಅವರ ಕೊನೆಯ ವಾರದ ಚಿತ್ರಗಳು ನನ್ನ ಅನುಮಾನವನ್ನು ಬಲಪಡಿಸಿದವು.

‘ಕರೆಂಟು ಕೊಡುವುದು’ ಎನ್ನುತ್ತಾರೆ ನಮ್ಮ ಕಡೆಯ ಜನ ಈ ಚಿಕಿತ್ಸೆಗೆ. ದಿನವೂ ಫೋಟೋ ತೆಗೆದರೆ ಅದೂ ಕರೆಂಟಲ್ಲವೇ ಎಂದು ಜೊತೆಗೆ ಬಂದವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹೌದು, ಅದೂ ವಿಕಿರಣವೇ. ಸೊಂಟದ ಭಾಗದ ಒಂದು ಕೋನ್ ಬೀಮ್ ಚಿತ್ರಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ಸೆಂಟಿಗ್ರೇ (ನೂರು ಸೆಂಟಿಗ್ರೇ ಎಂದರೆ ಒಂದು ಗ್ರೇ). ಆ ದಿನದ ಚಿಕಿತ್ಸೆ 200 ಸೆಂಟಿಗ್ರೇ. ಗುರಿ ತಪ್ಪಿದ ಇನ್ನೂರರ ಮುಂದೆ ಈ ಮೂರು ದೊಡ್ಡದಲ್ಲ. ಹಾಗೆಂದು ಸುಮ್ಮಸುಮ್ಮನೆ ಎರಡೆರಡು ಸಲ ತೆಗೆದರೆ ನಾನು ಬೈಯುತ್ತೇನೆ. ಮಕ್ಕಳಾದರೆ ಇನ್ನೂ ಹೆಚ್ಚು ಬೈಯುತ್ತೇನೆ.

ಇಷ್ಟಕ್ಕೂ ಚಿತ್ರ ಹೇಳುವುದೇ ನಿಜವೆಂದು ಹೇಗೆ ನಂಬುವುದು? ಚಿತ್ರ ತೆಗೆಯುವ ತೋಳಿನ ಕೇಂದ್ರವೂ ಚಿಕಿತ್ಸೆಯ ಕಿರಣದ ಕೇಂದ್ರವೂ ಒಂದೇ ಬಿಂದುವಿನಲ್ಲಿ ಸೇರಬೇಕು. ತೋಳು ಭಾರಕ್ಕೆ ಒಂದಿಷ್ಟು ಜೋಲಿದರೆ ನಾವು ರೋಗಿಯನ್ನು ಅಷ್ಟೂ ನಿಖರವಾಗಿ ತಪ್ಪು ಜಾಗಕ್ಕೆ ಒಯ್ಯುತ್ತೇವೆ. ಅದಕ್ಕೆ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ, ಒಳಗೆ ಲೋಹದ ಗುಂಡು ಹುದುಗಿಸಿದ ಪ್ಲಾಸ್ಟಿಕ್ ಘನವನ್ನು ಟೇಬಲಿನ ಮೇಲೆ ಬೇಕೆಂದೇ ತಪ್ಪಾಗಿ ಇಡುತ್ತೇವೆ. ಎಷ್ಟು ತಪ್ಪಾಗಿ ಇಟ್ಟೆವೆಂದು ನಮಗೆ ಗೊತ್ತು. ಯಂತ್ರ ಅದನ್ನೇ ಹೇಳಬೇಕು. 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂದು ಚಿತ್ರದ ಮೇಲೆ ಯಾರನ್ನೂ ಸರಿಸುವಂತಿಲ್ಲ. ಒಂದೇ ವರ್ಷ ಎರಡು ಸಲ ಹೀಗಾಗಿದೆ. ಒಂದು ಸಲ ತೋಳು ಮಡಚುವಾಗ ಸ್ಟ್ರೆಚರಿಗೆ ತಾಗಿತ್ತು, ತಾಗಿಸಿದವರು ಹೇಳಿರಲಿಲ್ಲ. ಘನ ಹೇಳಿತು.

ಇನ್ನೊಂದು ಆಯುಧಪೂಜೆಯ ಮಾರನೆಯ ಕೆಲಸದ ದಿನ. ದಸರೆಯ ಊರಿನಲ್ಲಿ ಯಂತ್ರಕ್ಕೆ ಪೂಜೆ ಮಾಡದೆ ಇರಲು ಸಾಧ್ಯವೇ? ಬಾಳೆಕಂದು, ಚೆಂಡುಹೂವಿನ ಹಾರ, ಬೂದುಗುಂಬಳ ಎಲ್ಲ ಆಗುತ್ತದೆ. ನಾನೇ ಮುಂದೆ ನಿಂತು ಮಾಡಿಸುತ್ತೇನೆ. ಆ ವರ್ಷ ಯಾರೋ ಭಕ್ತಿ ಹೆಚ್ಚಾಗಿ ಗೋಡೆಯ ಲೇಸರ್ ಪೆಟ್ಟಿಗೆಯ ಗಾಜಿನ ಕೆಳಗೂ ಕುಂಕುಮ ಒತ್ತಿದ್ದರು. ಒತ್ತಿದ ರಭಸಕ್ಕೆ ಪೆಟ್ಟಿಗೆ ಅಲುಗಿ ಗೆರೆ ಮೂರು ಮಿಲಿಮೀಟರ್ ಇಳಿದಿತ್ತು. ಫಿಸಿಸಿಸ್ಟ್ ಮೇಡಂ ಅರ್ಧ ದಿನ ಕುಳಿತು ಅದನ್ನು ಸರಿಮಾಡಿದರು. ಈಗ ಪೂಜೆಯ ಹಿಂದಿನ ದಿನವೇ ಎಲ್ಲೆಲ್ಲಿ ಕುಂಕುಮ ಇಡಬಹುದು, ಎಲ್ಲೆಲ್ಲಿ ಕೈಯನ್ನೇ ಇಡಬಾರದು ಎಂದು ನಾನು ತೋರಿಸಿಬಿಡುತ್ತೇನೆ.

ಗೌಡರ ವಿಷಯಕ್ಕೆ ಬರುತ್ತೇನೆ. ಐದನೆಯ ವಾರದಲ್ಲಿ ಅವರಿಗೆ ನುಂಗಲು ಆಗದೆ ಮೂಗಿನಿಂದ ನಳಿಗೆ ಹಾಕಿದರು. ತೂಕ ಇಳಿಯಿತು, ಹೊಸ ಮಾಸ್ಕೂ ಕೆನ್ನೆಯ ಹತ್ತಿರ ಸಡಿಲವಾಯಿತು. ಈ ಬಾರಿ ಹುಡುಗ ಚಿತ್ರದಲ್ಲಿ 3 ಮಿಲಿಮೀಟರ್ ನೋಡಿ ಗುಂಡಿಗೆ ಕೈ ಹಾಕದೆ ಎದ್ದು ಒಳಗೆ ಹೋದ. ಭುಜ ಒಂದು ಕಡೆ ಎತ್ತಿದ್ದಾರೆ, ನಳಿಗೆ ಎಳೆಯುತ್ತಿದೆಯಂತೆ ಎಂದು ಬಂದು ಹೇಳಿದ. ನಳಿಗೆಯನ್ನು ಇನ್ನೊಂದು ಕಡೆಗೆ ಅಂಟಿಸಿದೆವು. ಭುಜ ಇಳಿಯಿತು, ಚಿತ್ರ ಕೂಡಿತು.

ಮೂವತ್ತೈದನೆಯ ದಿನ ಮುಗಿದಾಗ ಗೌಡರಿಗೆ ಧ್ವನಿ ಹೊರಡುತ್ತಿರಲಿಲ್ಲ. ಕಪಾಟಿನ ಮೇಲಿದ್ದ ಮಾಸ್ಕಿನ ಕಡೆ ಕೈ ತೋರಿಸಿದರು. ಬೇಕಾದವರಿಗೆ ನಾವು ಕೊಡುತ್ತೇವೆ. ಏನು ಮಾಡುತ್ತೀರಿ ಎಂದು ಕೇಳಿದೆ. ಅವರ ಹೆಂಡತಿ ಉತ್ತರ ಕೊಟ್ಟರು: “ಜೋಳದ ಹೊಲಕ್ಕೆ ಬೆರ್ಚಪ್ಪ ಮಾಡುತ್ತಾರಂತೆ. ಇವರ ಮುಖವನ್ನೇ ಕಂಡರೆ ಗಿಳಿಗಳು ಹತ್ತಿರ ಸುಳಿಯುವುದಿಲ್ಲವಂತೆ.”

“ಎರಡಿವೆಯಲ್ಲ, ಯಾವುದು ಬೇಕು?” ಎಂದೆ.

ಆಕೆ ಗಂಡನ ತಲೆಯನ್ನೊಮ್ಮೆ ನೋಡಿದರು. ಕೂದಲು ಬೆರಳ ಗೆಣ್ಣಿನಷ್ಟು ಬಂದಿತ್ತು. “ಹಳೆಯದನ್ನು ಕೊಡಿ ಸ್ವಾಮಿ. ಇನ್ನೆರಡು ತಿಂಗಳಿಗೆ ಅದೇ ಸರಿಹೋಗುತ್ತದೆ” ಎಂದರು. ಗೌಡರು ಮಾತಾಡದೆ ಎರಡು ಬೆರಳು ಎತ್ತಿ ತೋರಿಸಿದರು. ಎರಡನ್ನೂ ಒಂದರೊಳಗೊಂದು ಇಟ್ಟು ಕೊಟ್ಟೆ. ಹಣೆಯ ಹತ್ತಿರ ಮಾತ್ರ ಕೂಡಲಿಲ್ಲ.